ನೀರವ್ವನ ಹಾಡಿನಲ್ಲಿ ಬಿಟ್ಟ ಮಾತು

“ಗುರುಗಳೇ, ಜನರಲ್ಲಿ ಭಕ್ತಿ ಹುಟ್ಟಿಸುವ ಕಟ್ಟುಕತೆಯಿಂದ ಕೇಡೇನು?” ಎಂದು ಚನ್ನವೀರ ಕೇಳಿದ.

ಅವನು ಮಠದಲ್ಲಿ ಪುರಾಣ ಹೇಳುವುದನ್ನು ಕಲಿಯುತ್ತಿದ್ದ ಶಿಷ್ಯ. ಒಬ್ಬ ಸಾಧುವಿನ ಪುಣ್ಯದಿನದಂದು ಕತೆ ಹೇಳಲು ಅವನಿಗೆ ಮೊದಲ ಸಲ ಕರೆ ಬಂದಿತ್ತು. ಅದಕ್ಕಾಗಿ ಅವನು ಮಠದ ಹಳೆಯ ಓಲೆಗಳನ್ನೆಲ್ಲ ಓದಿದ. ಜನ ನಂಬಿದ್ದ ಪವಾಡಗಳಲ್ಲಿ ಒಂದೂ ಅವುಗಳಲ್ಲಿ ಇರಲಿಲ್ಲ. ಆ ಸಾಧು ಒಂದು ಬಾವಿ ತೋಡಿಸಿದ್ದ. ಎರಡು ಊರುಗಳ ಜಗಳ ಬಿಡಿಸಿದ್ದ. ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡು ತೀರಿಕೊಂಡಿದ್ದ. ಇದ್ದದ್ದು ಅಷ್ಟೇ.

“ಇಷ್ಟನ್ನೇ ಹೇಳಿದರೆ ಯಾರು ಕೇಳುತ್ತಾರೆ? ಬಂಡೆಗೆ ಬೆತ್ತ ತಾಗಿಸಿ ನೀರು ಚಿಮ್ಮಿಸಿದ ಎಂದರೆ ಎಲ್ಲರೂ ಕೈ ಮುಗಿಯುತ್ತಾರೆ. ಕೈ ಮುಗಿದವರು ನಾಲ್ಕು ದಿನವಾದರೂ ಒಳ್ಳೆಯವರಾಗಿ ಇರುತ್ತಾರೆ. ಸುಳ್ಳಾದರೇನು?” ಎಂದ.

ಗುರುಗಳು “ಕುಳಿತುಕೋ” ಎಂದು ಒಂದು ಕತೆ ಹೇಳತೊಡಗಿದರು.

ಒಂದು ಊರಿತ್ತು. ಒಂದು ಬೇಸಿಗೆಯಲ್ಲಿ ಅಲ್ಲಿ ವಾಂತಿಭೇದಿ ಹಬ್ಬಿತು. ಮೊದಲ ವಾರದಲ್ಲೇ ಒಂಬತ್ತು ಮಂದಿ ಸತ್ತರು. ಉಳಿದವರು ಹೆದರಿದರು. ಕಾಯಿಲೆ ಬಿದ್ದವರನ್ನು ಊರ ಹೊರಗಿನ ಹಳೆಯ ಛತ್ರಕ್ಕೆ ಸಾಗಿಸಿದರು. ಬಾಗಿಲಲ್ಲಿ ಒಂದು ಕೊಡ ನೀರಿಟ್ಟು, ಹಿಂದಿರುಗಿ ನೋಡದೆ ಬಂದರು. ತಾಯಿಯನ್ನು ಮಗ ಬಿಟ್ಟುಬಂದ. ಹೆಂಡತಿಯನ್ನು ಗಂಡ ಬಿಟ್ಟುಬಂದ. ಒಳಗಿದ್ದವರಿಗೆ ಎದ್ದು ಬಾಗಿಲ ತನಕ ಬರುವ ತ್ರಾಣ ಇರಲಿಲ್ಲ. ಕೊಡದ ನೀರು ಕೊಡದಲ್ಲೇ ಉಳಿಯಿತು.

ಆ ಊರಲ್ಲಿ ತಿಪ್ಪವ್ವ ಎಂಬ ಅಗಸಗಿತ್ತಿ ಇದ್ದಳು. ಗಂಡ ಸತ್ತ ಮೇಲೆ ಅಕ್ಕ ಕೆಂಚವ್ವನ ಜೊತೆ ಇದ್ದಳು. ಛತ್ರದ ಹಿಂದೆ ಕೆರೆ. ಬಟ್ಟೆ ಒಗೆಯುವಾಗ ಒಳಗಿನ ನರಳಾಟ ಅವಳಿಗೆ ಕೇಳುತ್ತಿತ್ತು. ಮೂರು ದಿನ ಕೇಳಿದಳು. ನಾಲ್ಕನೆಯ ದಿನ ಒಳಗೆ ಹೋದಳು.

ಅವಳಿಗೆ ಮದ್ದು ಗೊತ್ತಿರಲಿಲ್ಲ, ಮಂತ್ರ ಗೊತ್ತಿರಲಿಲ್ಲ. ಬಟ್ಟೆ ಬೇಯಿಸುವ ಹಂಡೆಯೊಂದು ಮನೆಯಲ್ಲಿತ್ತು. ಅದನ್ನು ಉಜ್ಜಿ ತೊಳೆದು ನೀರು ಕುದಿಸಿದಳು. ಗಂಜಿಯ ತಿಳಿಗೆ ಉಪ್ಪು ಬೆರೆಸಿದಳು. ಕೂಸುಗಳಿಗೆ ಹಾಲು ಕುಡಿಸುವ ಒಳಲೆಯಿಂದ ಒಬ್ಬೊಬ್ಬರ ಬಾಯಿಗೂ ಹನಿಹನಿಯಾಗಿ ಬಿಟ್ಟಳು. ಮೈ ಒರೆಸಿದಳು. ಹೊಲಸಾದ ಬಟ್ಟೆ ತೆಗೆದು ಬೇಯಿಸಿ ಒಣಗಿಸಿದಳು. ಇಪ್ಪತ್ತೆರಡು ದಿನ ಇದೇ ಕೆಲಸ. ಛತ್ರದಲ್ಲಿದ್ದ ನಲವತ್ತು ಮಂದಿಯಲ್ಲಿ ಇಪ್ಪತ್ತಾರು ಮಂದಿ ಎದ್ದು ಮನೆಗೆ ನಡೆದರು.

ಕೊನೆಗೆ ತಿಪ್ಪವ್ವನಿಗೇ ರೋಗ ತಗುಲಿತು. ಅವಳ ಬಾಯಿಗೆ ನೀರು ಬಿಟ್ಟವಳು ಕೆಂಚವ್ವ ಒಬ್ಬಳೇ. ತಿಪ್ಪವ್ವ ಉಳಿಯಲಿಲ್ಲ. ಎದ್ದುಹೋದ ಇಪ್ಪತ್ತಾರು ಮಂದಿಯಲ್ಲಿ ಒಬ್ಬರೂ ಅವಳ ಹೆಣಕ್ಕೆ ಹೆಗಲು ಕೊಡಲು ಬರಲಿಲ್ಲ.

ಹತ್ತು ವರ್ಷ ಕಳೆಯಿತು. ಊರವರಿಗೆ ಒಳಗೊಳಗೇ ನಾಚಿಕೆ ಇತ್ತು. ನಾಚಿಕೆ ಹಳತಾದಂತೆ ಭಕ್ತಿಯಾಯಿತು. ಛತ್ರವನ್ನು ಗುಡಿ ಮಾಡಿದರು. ತಿಪ್ಪವ್ವ ಎಂಬ ಹೆಸರು ಗುಡಿಗೆ ಒಪ್ಪುವುದಿಲ್ಲ ಎಂದು ನೀರವ್ವ ಎಂದು ಕರೆದರು. ಚೈತ್ರದಲ್ಲಿ ಒಂದು ದಿನ ಹಬ್ಬ ಗೊತ್ತುಮಾಡಿದರು. ಹಬ್ಬ ಎಂದ ಮೇಲೆ ಹಾಡು ಬೇಕಲ್ಲ. ಪಕ್ಕದ ಊರಿನಲ್ಲಿ ಹಾಡು ಕಟ್ಟುವ ಒಬ್ಬ ತರುಣನಿದ್ದ. ಅವನನ್ನು ಕರೆಸಿದರು.

ತರುಣನಿಗೆ ನಿಜ ತಿಳಿಯುವ ಆಸೆಯಿತ್ತು. ಅವನು ಕೆಂಚವ್ವನನ್ನು ಹುಡುಕಿಕೊಂಡು ಕೆರೆಗೆ ಹೋದ. ಅವಳು ಬಟ್ಟೆ ಒಗೆಯುತ್ತಲೇ ಎಲ್ಲವನ್ನೂ ಹೇಳಿದಳು. ನೀರು ಎಷ್ಟು ಹೊತ್ತು ಕುದಿಸಬೇಕು, ಗಂಜಿಗೆ ಉಪ್ಪು ಎಷ್ಟು, ಎಷ್ಟು ಹೊತ್ತಿಗೊಮ್ಮೆ ಕುಡಿಸಬೇಕು, ಎಲ್ಲ. ಕೊನೆಗೆ ಕೈ ನಿಲ್ಲಿಸಿದಳು.

“ಅಯ್ಯನವರೇ, ಒಂದು ಮಾತು ಮರೆಯದೆ ಹಾಕಿ. ಮೊದಲ ದಿನ ಒಳಗೆ ಹೋದವಳು ಆ ನಾತಕ್ಕೆ, ಆ ಹೆದರಿಕೆಗೆ ನಿಲ್ಲಲಾರದೆ ಓಡಿಬಂದಳು. ಮನೆಯ ಮೂಲೆಯಲ್ಲಿ ಕೂತು ನಡುಗಿದಳು. ‘ಅಕ್ಕಾ, ನನ್ನ ಕೈಲಾಗುವುದಿಲ್ಲ’ ಎಂದು ಅತ್ತಳು. ಮಾರನೆಯ ದಿನ ಹಂಡೆ ಹೊತ್ತುಕೊಂಡು ಮತ್ತೆ ಹೋದಳು.”

“ಅದನ್ನೇಕೆ ಹಾಕಬೇಕವ್ವಾ? ಕೇಳಿದವರು ಅವಳನ್ನು ಹೇಡಿ ಎಂದಾರು.”

“ಎಂದರೆ ಎನ್ನಲಿ. ನನ್ನ ತಂಗಿ ಹೆದರಿದ್ದಳು. ಹೆದರಿಕೊಂಡೇ ಹೋದಳು. ಅದೊಂದು ಬಿಟ್ಟರೆ ಅವಳ ಹತ್ತಿರ ಇನ್ನೇನಿತ್ತು?”

ತರುಣ ಹಾಕುತ್ತೇನೆ ಎಂದು ಮಾತು ಕೊಟ್ಟ.

ಮೊದಲು ಕಟ್ಟಿದ ಹಾಡಿನಲ್ಲಿ ಎಲ್ಲವೂ ಇತ್ತು. ಅದನ್ನು ಊರ ಹಿರಿಯರ ಮುಂದೆ ಹಾಡಿ ತೋರಿಸಿದ. ಅವರು ಮುಖ ಮುಖ ನೋಡಿಕೊಂಡರು. ಊರ ಗೌಡ ಹೇಳಿದ, “ಹಂಡೆ, ಗಂಜಿ, ಹೊಲಸು ಬಟ್ಟೆ. ಇದೆಂಥ ಹಾಡಪ್ಪಾ? ಇವೆಲ್ಲ ನಮ್ಮ ಹಿತ್ತಿಲಲ್ಲೂ ಇವೆ.” ಇನ್ನೊಬ್ಬ ಮುದುಕ ತಗ್ಗಿದ ದನಿಯಲ್ಲಿ ಹೇಳಿದ, “ಇದನ್ನು ಹಾಡಿದರೆ, ಅವಳೊಬ್ಬಳೇ ಹೋದಾಗ ನೀವೆಲ್ಲ ಎಲ್ಲಿದ್ದಿರಿ ಎಂದು ಮೊಮ್ಮಕ್ಕಳು ಕೇಳುತ್ತವೆ.”

ತರುಣ ಹಾಡನ್ನು ಬದಲಾಯಿಸಿದ. ಯಾರೂ ಅವನ ಕೈ ಹಿಡಿದು ಬರೆಸಲಿಲ್ಲ. ಹೊಸ ಹಾಡು ಅವನಿಗೇ ಹೆಚ್ಚು ಹಿಡಿಸಿತು. ಅದರಲ್ಲಿ ನೀರವ್ವ ಒಬ್ಬ ಅರಸನ ಮಗಳು. ಬಿಳಿ ಸೀರೆ ಉಟ್ಟು ಕೆರೆಯಿಂದ ಎದ್ದುಬಂದಳು. ಅವಳ ನೆರಳು ಬಿದ್ದವರೆಲ್ಲ ಎದ್ದು ಕುಳಿತರು. ನಲವತ್ತಕ್ಕೆ ನಲವತ್ತೂ ಮಂದಿ ಬದುಕಿದರು. ರೋಗವನ್ನು ಬೊಗಸೆಯಲ್ಲಿ ಹಿಡಿದು ಕುಡಿದು ಅವಳು ಕೆರೆಗೇ ಮರಳಿದಳು. ಅಗಸರ ಕೇರಿಯ ಮಾತೇ ಬರಲಿಲ್ಲ. ‘ಓಡಿಬಂದಳು’ ಎಂಬುದು ತಾಳಕ್ಕೆ ಕೂಡುವುದಿಲ್ಲ ಎಂದು ತರುಣ ತನಗೆ ತಾನೇ ಹೇಳಿಕೊಂಡ. ಕೂಡುತ್ತಿತ್ತು.

ಮೊದಲ ಹಬ್ಬದಲ್ಲಿ ಅವನು ಹಾಡಿದಾಗ ಜನ ಬಿಕ್ಕಿ ಬಿಕ್ಕಿ ಅತ್ತರು. ಗೌಡ ಶಾಲು ಹೊದಿಸಿದ. ಕೆಂಚವ್ವನೂ ಬಂದಿದ್ದಳು. ಅಗಸಗಿತ್ತಿ ಎಂದು ಅವಳನ್ನು ಗುಡಿಯ ಪೌಳಿಗೋಡೆಯ ಹೊರಗೇ ನಿಲ್ಲಿಸಿದ್ದರು. ಹಾಡು ಮುಗಿದ ಮೇಲೆ ತರುಣ ಶಾಲು ಹೊದ್ದುಕೊಂಡೇ ಅವಳ ಹತ್ತಿರ ಹೋದ.

“ಹಾಡು ಬಲು ಚೆನ್ನಾಗಿದೆ ಅಯ್ಯನವರೇ. ಇವಳು ಯಾರು?” ಎಂದು ಕೆಂಚವ್ವ ಕೇಳಿದಳು.

ಅವಳು ಕುಟುಕಲು ಕೇಳಿದ್ದಲ್ಲ. ಯಾವುದೋ ಬೇರೆ ದೇವಿಯ ಹಾಡು ಮೊದಲು ಆಯಿತು, ತಂಗಿಯದು ಇನ್ನು ಬರುತ್ತದೆ ಎಂದೇ ನಂಬಿ ನಿಂತಿದ್ದಳು. ‘ನಿನ್ನ ತಂಗಿ’ ಎನ್ನಲು ತರುಣನಿಗೆ ಬಾಯಿ ಬರಲಿಲ್ಲ. ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು. ಗುಡಿಯಲ್ಲಿ ಪ್ರಸಾದ ಹಂಚಿ ಬಾಗಿಲು ಹಾಕಿದರು. ಆಗ ಅವಳಿಗೆ ತಿಳಿಯಿತು. ಮನೆಗೆ ಹೋದಳು. ಸಾಯುವ ತನಕ ಮತ್ತೆ ಆ ಗುಡಿಯ ಕಡೆ ಬರಲಿಲ್ಲ.

ಹಾಡು ಹತ್ತೂರಿಗೆ ಹರಡಿತು. ಬೀಸುವಾಗ ಹೆಂಗಸರು ಅದನ್ನೇ ಹಾಡಿಕೊಂಡರು. ನೀರವ್ವನ ಹೆಸರಿನಲ್ಲಿ ಬೇಸಿಗೆಯುದ್ದಕ್ಕೂ ಮನೆ ಮನೆಯ ಮುಂದೆ ದಾರಿಹೋಕರಿಗೆ ನೀರಿಡುವ ರೂಢಿ ಬಂತು. ಅದಕ್ಕೆ ಮೊದಲು ಆ ಸೀಮೆಯಲ್ಲಿ ಕೇಳಿದವರಿಗೂ ನೀರು ಹುಟ್ಟುತ್ತಿರಲಿಲ್ಲ.

ಇಲ್ಲಿ ಚನ್ನವೀರ ತಡೆಯಲಾರದೆ, “ನೋಡಿದಿರಾ ಗುರುಗಳೇ, ಒಳ್ಳೆಯದೇ ಆಯಿತಲ್ಲ!” ಎಂದ.

“ಆಯಿತು. ಇಲ್ಲ ಎನ್ನುವುದಿಲ್ಲ” ಎಂದು ಗುರುಗಳು ಮುಂದುವರಿಸಿದರು.

ಮೂವತ್ತು ವರ್ಷವಾಯಿತು. ಹಾಡು ಕಟ್ಟಿದವನ ತಲೆ ನರೆಯಿತು. ತಿಪ್ಪವ್ವನನ್ನು ಕಂಡವರು ಬಹುತೇಕ ತೀರಿಕೊಂಡಿದ್ದರು, ಉಳಿದವರೂ ಹಾಡನ್ನೇ ನಂಬಿದ್ದರು. ಊರವರು ಅವನಿಗೆ ಗುಡಿಯ ಹತ್ತಿರವೇ ಮನೆ ಕೊಟ್ಟು ಇರಿಸಿಕೊಂಡಿದ್ದರು. ಆಗ ಮತ್ತೆ ವಾಂತಿಭೇದಿ ಬಂತು.

ಈ ಸಲ ಜನ ಗಾಬರಿಯಾಗಲಿಲ್ಲ. ಕಾಯಿಲೆ ಬಿದ್ದವರನ್ನು ಹೊತ್ತು ತಂದು ನೀರವ್ವನ ಗುಡಿಯಲ್ಲಿ ಮಲಗಿಸಿದರು. ದೀಪ ಹಚ್ಚಿದರು. ದೇವಿಯ ನೆರಳು ಎಲ್ಲರ ಮೇಲೂ ಬೀಳಲಿ ಎಂದು ವಿಗ್ರಹದ ಹಿಂದೆ ಇನ್ನೊಂದು ದೀಪವಿಟ್ಟರು. ಬಾಗಿಲಲ್ಲಿ ಒಂದು ಕೊಡ ನೀರಿಟ್ಟರು. ಹೊರಗೆ ನಿಂತು ಹಾಡು ಹಾಡಿದರು. ಆಮೇಲೆ ಮನೆಗೆ ಹೋದರು.

ಹಾಡು ಕಟ್ಟಿದವನು ಮನೆ ಮನೆಗೆ ಹೋಗಿ ಬೇಡಿಕೊಂಡ. “ಒಳಗೆ ಹೋಗಿ. ಕುದಿಸಿದ ನೀರು ಕುಡಿಸಿ. ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿಸಿ.”

ಒಬ್ಬ ಗಾಣಿಗನ ಹೆಂಡತಿ ಒಳಗಿದ್ದಳು. ಆ ಗಾಣಿಗ ಹೇಳಿದ, “ಅದು ದೇವಿಯ ಕೆಲಸ. ನಾವು ನರಮನುಷ್ಯರು. ನಮ್ಮ ಕೈಲಾಗುವುದೇ?”

“ಅವಳು ದೇವಿಯಲ್ಲಪ್ಪಾ. ನಮ್ಮಂಥ ಹೆಣ್ಣುಮಗಳು. ಅಗಸರ ತಿಪ್ಪವ್ವ. ಅವಳೂ ಹೆದರಿ ಓಡಿಬಂದಿದ್ದಳು.”

ಗಾಣಿಗ ಅವನನ್ನು ದಿಟ್ಟಿಸಿ ನೋಡಿದ. “ಹಾಡು ಕಟ್ಟಿದವರು ನೀವೇ ಅಲ್ಲವೇ? ಆಗ ಸುಳ್ಳು ಹೇಳಿದಿರೋ, ಈಗ ಹೇಳುತ್ತಿದ್ದೀರೋ?”

ಅದಕ್ಕೆ ಅವನ ಹತ್ತಿರ ಉತ್ತರವಿತ್ತು. ಆದರೆ ಅಲ್ಲಿ ಸೇರಿದ್ದವರು ಮುದುಕನ ಬುದ್ಧಿ ಕೆಟ್ಟಿತು ಎಂದು ಆಗಲೇ ಬೆನ್ನು ತಿರುಗಿಸಿದ್ದರು.

ಅವನು ತಾನೇ ಕುದಿಸಿದ ನೀರು ಹಿಡಿದು ಗುಡಿಗೆ ಹೋದ. ಬಾಗಿಲು ದಾಟಿದ. ಆ ನಾತ ಮುಖಕ್ಕೆ ಹೊಡೆಯಿತು. ಯಾರೋ ಅವನ ಕಾಲು ಹಿಡಿದುಕೊಂಡರು. ಅವನು ಕಾಲು ಕೊಡವಿ, ಪಾತ್ರೆ ಬಿಸುಟು ಓಡಿಬಂದ. ಮನೆಯ ಮೂಲೆಯಲ್ಲಿ ಕೂತು ನಡುಗಿದ. ನನ್ನ ಕೈಲಾಗುವುದಿಲ್ಲ ಎಂದ. ಹಾಗೆಂದ ಮೇಲೆ ಕೆರೆಯ ದಂಡೆಯಲ್ಲಿ ಕೆಂಚವ್ವ ಹೇಳಿದ್ದು ನೆನಪಾಯಿತು. ಮರುದಿನ ಮತ್ತೆ ಹೋದ.

ಒಳಗೆ ಹದಿನೇಳು ಮಂದಿಯಿದ್ದರು. ಉಸಿರಿದ್ದವರು ಮೂವರು. ಗಾಣಿಗನ ಹೆಂಡತಿ ಕೊಡದ ಕಡೆಗೆ ಕೈ ಚಾಚಿಕೊಂಡು ಬಾಗಿಲ ಹತ್ತಿರ ಸತ್ತುಬಿದ್ದಿದ್ದಳು. ಕೊಡಕ್ಕೂ ಅವಳ ಕೈಗೂ ನಡುವೆ ಒಂದು ಮೊಳವೂ ಇರಲಿಲ್ಲ. ಅವನು ಉಳಿದ ಮೂವರಿಗೆ ಕೆಂಚವ್ವ ಹೇಳಿದಂತೆಯೇ ಎಲ್ಲವನ್ನೂ ಮಾಡಿದ. ಒಬ್ಬ ಬದುಕಿದ.

ರೋಗ ಇಳಿದ ಮೇಲೆ ಗಾಣಿಗ ಅವನ ಮನೆಗೆ ಬಂದ. ಹೊಸ್ತಿಲಲ್ಲೇ ಕುಳಿತ.

“ನಾನೂ ಒಂದು ಸಲ ಒಳಗೆ ಹೋಗಿದ್ದೆ ಅಯ್ಯಾ. ಯಾರಿಗೂ ಹೇಳಿಲ್ಲ. ನಿಲ್ಲಲಾಗಲಿಲ್ಲ. ಅವಳು ಕರೆಯುತ್ತಿದ್ದಳು, ನಾನು ಓಡಿಬಂದೆ. ಇಂಥ ಹೇಡಿಗೆ ದೇವಿಯ ಕೆಲಸ ಸಲ್ಲದು ಎಂದುಕೊಂಡು ಮನೆಯಲ್ಲಿ ಕೂತೆ. ಅವಳೂ ಮೊದಲ ದಿನ ಓಡಿಬಂದಿದ್ದಳು ಎಂದು ಚಿಕ್ಕಂದಿನಿಂದ ಹಾಡಿಕೊಂಡು ಬೆಳೆದಿದ್ದರೆ, ನಾನೂ ಮರುದಿನ ಹೋಗುತ್ತಿದ್ದೆ.”

ಹಾಡು ಕಟ್ಟಿದವನು ಅವನ ಕಾಲಿಗೆ ಬಿದ್ದ. ಗಾಣಿಗ ಅವನನ್ನು ಎಬ್ಬಿಸಲಿಲ್ಲ, ಬೈಯಲೂ ಇಲ್ಲ. ಎದ್ದು ಹೋದ. ಆ ವಾರವೇ ಹಾಡು ಕಟ್ಟಿದವನು ಆ ಊರು ಬಿಟ್ಟ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಚನ್ನವೀರ ಕೇಳಿದ, “ಆಮೇಲೆ ಅವನು ಆ ಹಾಡನ್ನು ತಿದ್ದಲಿಲ್ಲವೇ ಗುರುಗಳೇ?”

“ನಾನೇ ತಿದ್ದಿದೆನಪ್ಪಾ, ಅದನ್ನು ಇಂದಿನವರೆಗೆ ಒಬ್ಬರೂ ಹಾಡಿಲ್ಲ” ಎಂದರು ಗುರುಗಳು.

ಚನ್ನವೀರ ಬಾವಿ ತೋಡಿಸಿದ ಸಾಧುವಿನ ಓಲೆಯನ್ನು ಮತ್ತೆ ಕೈಗೆತ್ತಿಕೊಂಡ.