ರೇವಮ್ಮನ ಹೆಣಿಗೆ, ಸಣ್ಣಲಿಂಗನ ಸಾಗಣೆ

ಹೂಂಗುಟ್ಟುವವರಿದ್ದರೆ ಹೇಳುತ್ತೇನೆ, ಇಲ್ಲದಿದ್ದರೂ ಹೇಳುತ್ತೇನೆ. ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಆ ಊರಿನವರು ಬಂದು ಇದೆಲ್ಲ ಸುಳ್ಳು ಅಂತಾರೆ, ಆಮೇಲೆ ನಿಮಗೂ ಅನುಮಾನ ಬರುತ್ತದೆ. ಮೂರು ದಿಕ್ಕಿನಿಂದ ರೈಲು ಬಂದು ಸೇರುವ ಊರು, ಅಷ್ಟು ಸಾಕು.

ಆ ಊರಿನ ಪೇಟೆ ಬೀದಿಯ ಕೊನೆಯಲ್ಲಿ ರೇವಮ್ಮ ಅಂತ ಒಬ್ಬಳಿದ್ದಳು. ಕೈಯಲ್ಲೊಂದು ಕೊಕ್ಕೆ ಸೂಜಿ, ಮಡಿಲಲ್ಲೊಂದು ಉಲ್ಲನ್ ಉಂಡೆ. ಕುಣಿಕೆಯೊಳಗೆ ಕುಣಿಕೆ ಎಳೆದು ಏನು ಬೇಕಾದರೂ ಹೆಣೆಯುತ್ತಿದ್ದಳು. ಕೈಚೀಲ ಹೆಣೆಯುತ್ತಿದ್ದಳು, ಕುಲಾವಿ ಹೆಣೆಯುತ್ತಿದ್ದಳು, ಗೌರಿ ಹಬ್ಬಕ್ಕೆ ತೋರಣ, ದೀಪಾವಳಿಗೆ ಆಕಾಶಬುಟ್ಟಿ. ಅವಳು ಹೆಣೆದ ಗಿಣಿಗಳನ್ನು ಕಂಡು ಬೀದಿಯ ಬೆಕ್ಕುಗಳು ಮೋಸಹೋದದ್ದುಂಟು.

ಇಂಥವಳಿಗೆ ಒಬ್ಬನೇ ಮಗ, ಸಣ್ಣಲಿಂಗ. ಹೆಸರಿಗೆ ಸಣ್ಣ, ಆಳು ಬಾಗಿಲಿನಷ್ಟು. ಮೀಸೆ ಬಂದು ವರ್ಷಗಳಾಗಿದ್ದವು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು ಅವನ ಒಂದು ರೋಗ. ಕಂಡದ್ದನ್ನೆಲ್ಲ ಕೇಳುವುದು ಇನ್ನೊಂದು.

“ಅಮ್ಮಾ, ಒಂದೇ ದಾರ ಇಷ್ಟು ದೊಡ್ಡ ಚೀಲ ಹೇಗಾಗುತ್ತೆ? ಒಳಗೆ ಯಾರಾದರೂ ಹಿಡ್ಕೊಂಡಿರ್ತಾರಾ?”

“ನನ್ನ ಕರ್ಮ ಹಿಡ್ಕೊಂಡಿದೆ, ಸುಮ್ಮನಿರು.”

ರೇವಮ್ಮ ಬುಟ್ಟಿ ಹೊತ್ತು ಬೀದಿ ಬೀದಿ ತಿರುಗಿ ಮಾರುತ್ತಿದ್ದಳು. ಆ ವರ್ಷ ಕಾಲು ಬಾತುಕೊಂಡವು, ತಿರುಗುವುದು ನಿಂತಿತು. ಮಹಿಳಾ ಸಮಾಜದ ಕಟ್ಟಡದಲ್ಲಿ ಬೀದಿಗೆ ಬಾಗಿಲಿರುವ ಒಂದು ಪುಟ್ಟ ಕೋಣೆ ಖಾಲಿ ಬಿದ್ದಿತ್ತು. ಅದು ಸಿಕ್ಕಿದರೆ ಕೂತಲ್ಲೇ ಅಂಗಡಿ. ಸಿಗದಿದ್ದರೆ ಸೂಜಿ ಕೆಳಗಿಟ್ಟು, ತಮ್ಮನ ಮನೆಯಲ್ಲಿ ಅವನ ಹೆಂಡತಿ ಹೇಳಿದ ಕೆಲಸ ಮಾಡಿಕೊಂಡು ಬಿದ್ದಿರಬೇಕು. ಒಂದು ಸಂಜೆ ಹೇಗೋ ಕುಂಟುತ್ತ ಹೋಗಿ ಸಮಾಜದ ಅಧ್ಯಕ್ಷೆ ತ್ರಿಪುರಾಂಬಮ್ಮನವರನ್ನು ಕೇಳಿದಳು.

“ಕೊಡೋಣ ರೇವಮ್ಮ,” ಅಂದರು ತ್ರಿಪುರಾಂಬಮ್ಮ. “ಆದರೆ ಸಮಾಜದ ಹೆಂಗಸರು ನಾಳೆ ನನ್ನ ಕೇಳ್ತಾರೆ, ಅವಳ ಕೆಲಸ ನೋಡಿದೀರಾ ಅಂತ. ದೀಪಾವಳಿವರೆಗೆ ನಮ್ಮ ಮನೆಗೆ ಬೇಕಾದ್ದನ್ನ ಹೆಣೆದು ಕಳಿಸು. ನೋಡಿ ಹೇಳ್ತೀನಿ.”

ಕಳಿಸು ಅಂದರಲ್ಲ, ಯಾರ ಕೈಲಿ ಕಳಿಸಬೇಕು? ಮನೆಯಲ್ಲಿದ್ದ ಕೈ ಒಂದೇ.

ಮೊದಲು ಹೋದದ್ದು ಮೊಬೈಲ್ ಇಡುವ ಪುಟ್ಟ ಚೀಲ. ಸಣ್ಣಲಿಂಗ ಹೋದ, ಕೊಟ್ಟ, ಬಂದ. ಚೀಲದ ಬುಡದಲ್ಲಿ ಗೇಣುದ್ದದ ದಾರ ಉಳಿದಿತ್ತು. ಅಧ್ಯಕ್ಷೆ ನಕ್ಕು, “ಇದೇನಪ್ಪ, ಚೀಲಕ್ಕೆ ಬಾಲ?” ಅಂದರಂತೆ. ಬಂದು ಅಮ್ಮನಿಗೆ ಅದನ್ನೂ ಹೇಳಿದ.

ರೇವಮ್ಮ ಹಣೆ ಚಚ್ಚಿಕೊಂಡಳು. “ಕೊಡೋ ಮುಂಚೆ ತಿರುಗಿಸಿ ನೋಡಬೇಕು ಕಣೋ. ಏನಾದರೂ ನೇತಾಡ್ತಿದ್ದರೆ ಕತ್ತರಿ ತಗೊಂಡು ಕಚಕ್ ಅಂತ ಕತ್ತರಿಸಿ ಕೊಡಬೇಕು. ಕಿವಿಗೆ ಬಿತ್ತಾ?”

“ಬಿತ್ತು.”

ಬಿದ್ದದ್ದು ಅಲ್ಲೇ ಬೇರುಬಿಟ್ಟಿತು.

ಆಮೇಲೆ ಗೌರಿ ಹಬ್ಬ. ಅಧ್ಯಕ್ಷೆಯ ಮನೆ ಬಾಗಿಲಿಗೆ ತೋರಣ. ಹಳದಿ ಪಟ್ಟಿ, ಅದರಿಂದ ಇಳಿಬಿದ್ದ ಹಸಿರು ಗಿಣಿಗಳು, ಗಿಣಿಗಳ ನಡುವೆ ಕೆಂಪು ಗೊಂಡೆಗಳು. ಸಣ್ಣಲಿಂಗ ಜೇಬಲ್ಲಿ ಕತ್ತರಿ ಇಟ್ಟುಕೊಂಡು ಹೊರಟ. ಗೇಟಿನ ಹತ್ತಿರ ನಿಂತು ತಿರುಗಿಸಿ ನೋಡಿದ. ಅಯ್ಯಯ್ಯೋ, ಎಷ್ಟೊಂದು ನೇತಾಡುತ್ತಿವೆ. ಅಮ್ಮನಿಗೆ ಕಣ್ಣು ಮಂಜಾಗಿದೆ ಅಂತ ಮರುಗಿದ. ಕಚಕ್, ಒಂದು ಗಿಣಿ. ಕಚಕ್, ಒಂದು ಗೊಂಡೆ. ಕಚಕ್ ಕಚಕ್ ಕಚಕ್. ಉಳಿದ ಹಳದಿ ಪಟ್ಟಿಯನ್ನು ನೀಟಾಗಿ ಸುತ್ತಿ ಅಧ್ಯಕ್ಷೆಯ ಕೈಗಿಟ್ಟ.

“ಇದೇನಪ್ಪ, ನಡುಕಟ್ಟಾ?”

“ತೋರಣ ಅಮ್ಮಾವ್ರೇ. ಎಲ್ಲ ಚೊಕ್ಕ ಮಾಡಿದೀನಿ.”

ತ್ರಿಪುರಾಂಬಮ್ಮ ಕನ್ನಡಕ ಏರಿಸಿ ಪಟ್ಟಿಯನ್ನು ನೋಡಿದರು. ಇವನನ್ನು ನೋಡಿದರು. ಇವನ ಜೇಬಿನಿಂದ ಇಣುಕುತ್ತಿದ್ದ ಗಿಣಿಗಳನ್ನು ನೋಡಿದರು. ಬೇರೆಯವರಾಗಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಈ ಹೆಂಗಸಿಗೂ ಒಂದು ರೋಗವಿತ್ತು, ಮುಂದೇನಾಗುತ್ತೆ ಅಂತ ನೋಡುವ ರೋಗ. “ನಿಮ್ಮಮ್ಮನಿಗೆ ಹೇಳು, ಮೊಮ್ಮಗಳ ನಾಮಕರಣಕ್ಕೆ ಒಂದು ಕುಲಾವಿ ಬೇಕು. ನೀನೇ ತಗೊಂಡು ಬಾ,” ಅಂದರು.

ಮನೆಯಲ್ಲಿ ರೇವಮ್ಮ ಗಿಣಿಗಳನ್ನು ಮಡಿಲಲ್ಲಿ ಹಾಕಿಕೊಂಡು ಅತ್ತಳು. “ಕೋಣೆ ಹೋಯ್ತು, ನಿನ್ನ ಕತ್ತರಿಗೆ ಬೆಂಕಿ ಬೀಳ. ತೋರಣ ಕೈಗೆ ಕೊಡೋದಾ? ಕುರ್ಚಿ ಹಾಕಿ, ಬಾಗಿಲ ಮೇಲೆ ಮೊಳೆ ಹೊಡೆದು, ಹೋಗಿ ಬರೋರೆಲ್ಲ ನೋಡೋ ಹಾಗೆ ನೇತುಹಾಕಿ ಬರಬೇಕು ಕಣೋ. ಕಿವಿಗೆ ಬಿತ್ತಾ?”

“ಬಿತ್ತು.”

ನಾಮಕರಣದ ದಿನ ಬಂತು. ಕುಲಾವಿ ಸಿದ್ಧವಾಯಿತು. ಗುಲಾಬಿ ಬಣ್ಣ, ಸುತ್ತ ಬಿಳಿ ಅಂಚು, ಗಲ್ಲದ ಕೆಳಗೆ ಕಟ್ಟುವ ಲಾಡಿ. ಸಣ್ಣಲಿಂಗ ಒಂದು ಕೈಲಿ ಕುಲಾವಿ, ಇನ್ನೊಂದು ಕೈಲಿ ಸುತ್ತಿಗೆ ಹಿಡಿದು ಹೋದ. ಯಾರನ್ನೂ ಕೇಳಲಿಲ್ಲ. ಪುರೋಹಿತರು ಕೂತಿದ್ದ ಕುರ್ಚಿಯನ್ನು ಅವರು ಎದ್ದ ಗಳಿಗೆ ನೋಡಿ ಎಳೆದುಕೊಂಡ, ಹತ್ತಿದ, ಠಣ್ ಠಣ್ ಠಣ್, ಬಾಗಿಲ ಮೇಲೆ ಹೊಡೆದೇಬಿಟ್ಟ. ಬಂದ ನೆಂಟರು ತಲೆಯೆತ್ತಿ ನೋಡುವುದು, ಕೆನ್ನೆ ಕೆನ್ನೆ ಬಡಿದುಕೊಂಡು ಒಳಗೆ ಹೋಗುವುದು. ಹೊಸ ದೇವರು ಅಂದುಕೊಂಡರೋ ಏನೋ. ತೊಟ್ಟಿಲಲ್ಲಿ ಮಗು ಬರೀ ತಲೆಯಲ್ಲಿ ಸೀನುತ್ತಿತ್ತು.

ಸುದ್ದಿ ಸಣ್ಣಲಿಂಗನಿಗಿಂತ ಮೊದಲು ಮನೆ ಸೇರಿತು.

“ಕುಲಾವಿ ತಲೆಗೆ ಹಾಕೋದು ಕಣೋ, ಬಾಗಿಲಿಗಲ್ಲ,” ಅಂದಳು ರೇವಮ್ಮ. ಬೈಯಲು ಕೂಡ ಅವಳಿಗೆ ಶಕ್ತಿಯಿರಲಿಲ್ಲ. “ತಲೆಗೆ ಹಾಕಿ, ಗಲ್ಲದ ಕೆಳಗೆ ಲಾಡಿ ಬಿಗಿದು, ನನ್ನ ಕಂದನಿಗೆ ದೃಷ್ಟಿಯಾಗದಿರಲಿ ಅಂತ ನೆಟಿಗೆ ಮುರಿದು ಬರಬೇಕು. ಕಿವಿಗೆ ಬಿತ್ತಾ?”

“ಬಿತ್ತು.”

ಅಧ್ಯಕ್ಷೆಯಿಂದ ಮತ್ತೆ ಹೇಳಿಕೆ ಬಂತು. ಈ ಸಲ ಅವರ ಯಜಮಾನರಿಗೆ ತರಕಾರಿ ತರುವ ಚೀಲ. ಯಜಮಾನರು ನಿವೃತ್ತ ಸ್ಟೇಷನ್ ಮಾಸ್ತರು ಶಂಭುಲಿಂಗಯ್ಯ. ಮಾತು ಕಡಿಮೆ, ತಲೆ ಪೂರಾ ಬೋಳು. ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಸಣ್ಣಲಿಂಗ ಹಿಂದಿನಿಂದ ಬಂದ. ನೀಲಿ ಕಿತ್ತಳೆ ಪಟ್ಟೆಯ ಚೀಲವನ್ನು ಗಬಕ್ಕನೆ ಅವರ ತಲೆಗೆ ಇಳಿಸಿದ. ಎರಡೂ ಹಿಡಿಗಳನ್ನು ಗಲ್ಲದ ಕೆಳಗೆ ಬಿಗಿದ. ಎದುರಿಗೆ ಬಂದು ನೆಟಿಗೆ ಮುರಿದ.

“ನನ್ನ ಕಂದನಿಗೆ ದೃಷ್ಟಿಯಾಗದಿರಲಿ.”

ಚೀಲದೊಳಗಿಂದ ಮಾಸ್ತರ ದನಿ ಬಂತು. “ಲೇ ಇವಳೇ, ಕರೆಂಟು ಹೋಯ್ತಾ?”

ತ್ರಿಪುರಾಂಬಮ್ಮ ಕಂಬ ಹಿಡಿದುಕೊಂಡು ನಕ್ಕರು. ನಕ್ಕು ಸಾಕಾಗಿ, “ದೀಪಾವಳಿಗೆ ಆಕಾಶಬುಟ್ಟಿ ಬೇಕು ಅಂತ ಹೇಳಪ್ಪ,” ಅಂದರು.

ರೇವಮ್ಮನಿಗೆ ನಗು ಬರಲಿಲ್ಲ. “ಅವರು ಮತ್ತೆ ಮತ್ತೆ ಹೇಳ್ತಿರೋದು ನನ್ನ ಹೆಣಿಗೆ ನೋಡೋಕಲ್ಲ, ನಿನ್ನ ಕುಣಿತ ನೋಡೋಕೆ. ಚೀಲ ಇರೋದು ತುಂಬೋಕೆ ಕಣೋ. ಹೊಸದನ್ನ ಯಾರ ಮನೆಗೂ ಖಾಲಿ ಕೊಡಬಾರದು, ಒಳಗೆ ಹಿಡಿ ಅಕ್ಕಿ, ಅಚ್ಚು ಬೆಲ್ಲ ಹಾಕಿ ಕೊಡಬೇಕು. ಅದು ಪದ್ಧತಿ. ಕಿವಿಗೆ ಬಿತ್ತಾ?”

“ಬಿತ್ತು. ಅಮ್ಮಾ, ಬೆಲ್ಲ ಯಾಕೆ?”

“ಸಿಹಿಯಾಗಿರಲಿ ಅಂತ.”

ಆಕಾಶಬುಟ್ಟಿ ಬಂತು. ತೆಳ್ಳನೆಯ ಬಿಳಿ ದಾರದ ಹೆಣಿಗೆ, ಒಳಗೆ ಬಲ್ಬು ಹಾಕಿದರೆ ಗೋಡೆಯ ತುಂಬ ನಕ್ಷತ್ರದ ನೆರಳು ಬೀಳಬೇಕು. ಸಣ್ಣಲಿಂಗ ಒಳಗೆ ನೋಡಿದ, ಖಾಲಿ. ಅಕ್ಕಿ ತುಂಬಿದ, ಬೆಲ್ಲ ತುಂಬಿದ. ಅಕ್ಕಿ ತೂತಿನಿಂದ ಸುರಿಯಿತು ಅಂತ ಇನ್ನಷ್ಟು ಬೆಲ್ಲ ತುಂಬಿದ. ಅಧ್ಯಕ್ಷೆಯ ತಾರಸಿಗೆ ಅದನ್ನು ಕಟ್ಟಿದ್ದು ಬೆಳಿಗ್ಗೆ. ಸಂಜೆ ಸ್ವಿಚ್ಚು ಹಾಕಿದಾಗ ಗೋಡೆಯ ಮೇಲೆ ನಕ್ಷತ್ರ ಬೀಳಲಿಲ್ಲ, ಇರುವೆಗಳ ನೆರಳು ಬಿತ್ತು. ಒಂದೊಂದು ಇರುವೆ ಒಂದೊಂದು ಆಡಿನಷ್ಟು. ಬೀದಿಯವರೆಲ್ಲ ಜಮಾಯಿಸಿ, ಸಿನಿಮಾ ಎಷ್ಟು ಹೊತ್ತಿಗೆ ಬಿಡುತ್ತೆ ಅಂತ ಕೇಳಿದರು.

ಇಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡಳು ರೇವಮ್ಮ. ಆದರೆ ಒಂದು ಕೆಲಸ ಉಳಿದಿತ್ತು. ಲಕ್ಷ್ಮೀಪೂಜೆಗೆ ಸಮಾಜದ ಸಭಾಂಗಣದ ಮಂಟಪಕ್ಕೆ ಪರದೆ. ಅದನ್ನು ಅವಳು ಗೌರಿ ಹಬ್ಬದಿಂದಲೂ ಹೆಣೆಯುತ್ತಿದ್ದಳು. ಹಸಿರು ಮುಗಿದಲ್ಲಿ ಹಳದಿ, ಹಳದಿ ಮುಗಿದಲ್ಲಿ ಕೆಂಪು, ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ ಒಂದೇ ಎಳೆ. ಊರ ಹೆಂಗಸರೆಲ್ಲ ಆ ಸಂಜೆ ಬಂದು ಅದನ್ನು ನೋಡುವವರು. ಕೋಣೆ ಯಾರಿಗೆ ಅಂತ ಅಲ್ಲೇ ತೀರ್ಮಾನ.

ಉಲ್ಲನ್ ಪರದೆ ತನ್ನ ಭಾರಕ್ಕೆ ತಾನೇ ಜೋತು ಉದ್ದವಾಗುತ್ತದೆ. ಅದಕ್ಕೆ ರೇವಮ್ಮ ಕೊನೆಯ ಗಂಟನ್ನು ಮನೆಯಲ್ಲಿ ಹಾಕುತ್ತಿರಲಿಲ್ಲ. ಮೊದಲು ಏರಿಸಬೇಕು, ಜೋತು ಎಲ್ಲಿಗೆ ಬಂತು ನೋಡಬೇಕು, ಆಮೇಲೆ ಗಂಟು.

“ನೀನು ಮುಂದೆ ಹೋಗಿ ಕಟ್ಟಿರು, ನಾನು ಹಿಂದೆ ಕುಂಟ್ಕೊಂಡು ಬರ್ತೀನಿ,” ಅಂದಳು. “ಏನೂ ತುಂಬಬೇಡ, ಏನೂ ಹೊಡೀಬೇಡ, ಏನೂ ಕತ್ತರಿಸಬೇಡ. ಕೆಳಗಡೆ ಒಂದು ತುದಿ ಬಿಟ್ಟಿದೀನಿ, ಗಂಟು ಹಾಕಿಲ್ಲ. ನಾನು ಸಿಗೋವರೆಗೂ ಆ ತುದಿ ಬಿಗಿಯಾಗಿ ಹಿಡ್ಕೊಂಡಿರು. ಪ್ರಾಣ ಹೋದರೂ ಕೈಬಿಡಬೇಡ. ಕಿವಿಗೆ ಬಿತ್ತಾ?”

“ಬಿತ್ತು.”

ಸಣ್ಣಲಿಂಗ ಪರದೆ ಕಟ್ಟಿದ, ಸರಿಯಾಗೇ ಕಟ್ಟಿದ. ಕುಣಿಕೆಯಲ್ಲಿದ್ದ ಸೂಜಿ ಕಳೆದೀತು ಅಂತ ತೆಗೆದು ಜೇಬಿಗೆ ಹಾಕಿಕೊಂಡ. ತುದಿ ಹಿಡಿದ. ಕಾದ. ಅಮ್ಮ ಬರಲಿಲ್ಲ. ಇನ್ನೂ ಕಾದ. ಕಾಲುನೋವಲ್ಲಿ ಎಲ್ಲಿ ಕೂತಳೋ ಅಂದುಕೊಂಡ. ಕೈಬಿಡಬೇಡ ಅಂದಿದ್ದಳೇ ಹೊರತು ಕಾಲು ಕೀಳಬೇಡ ಅಂದಿರಲಿಲ್ಲ. ತುದಿಯನ್ನು ಮುಷ್ಟಿಗೆ ಸುತ್ತಿಕೊಂಡು ಅಮ್ಮನನ್ನು ಹುಡುಕಿಕೊಂಡು ಹೊರಟ.

ಹೆಜ್ಜೆಹೆಜ್ಜೆಗೂ ಕೈಯಲ್ಲಿ ಟುಕ್ ಅನ್ನುತ್ತಿತ್ತು. ಟುಕ್, ಟುಕ್, ಟುಕ್. ಇದೇನು, ಹಿಂದಿನಿಂದ ಯಾರೋ ಮೆಲ್ಲಗೆ ಕರೀತಿದ್ದಾರಲ್ಲ. ತಿರುಗಿ ನೋಡಿದ, ಯಾರೂ ಇಲ್ಲ. ಬೀಡಾ ಅಂಗಡಿ ದಾಟಿದ, ಟುಕ್ ಟುಕ್. ಹಿಟ್ಟಿನ ಗಿರಣಿ ದಾಟಿದ, ಟುಕ್ ಟುಕ್ ಟುಕ್. ಮತ್ತೆ ತಿರುಗಿ ನೋಡಿದರೆ ಕೈಯ ದಾರ ಕೆಂಪು, ಅದರ ಹಿಂದೆ ಹಳದಿ, ಹಳದಿಯ ಹಿಂದೆ ಹಸಿರು. ಎಷ್ಟು ಚೆಂದ ಅಂದುಕೊಂಡ. ಮನೆ ಬಾಗಿಲಲ್ಲೇ ಅಮ್ಮ ಚಪ್ಪಲಿಗೆ ಕಾಲು ತೂರಿಸಲಾರದೆ ಒದ್ದಾಡುತ್ತಿದ್ದಳು.

“ತಗೋ ಅಮ್ಮ. ಪ್ರಾಣ ಹೋಗಲಿಲ್ಲ, ಕೈಯೂ ಬಿಡಲಿಲ್ಲ.”

ರೇವಮ್ಮ ತುದಿ ನೋಡಿದಳು, ತುದಿಯ ಹಿಂದೆ ಬೀದಿಯುದ್ದಕ್ಕೂ ಮಲಗಿದ್ದ ಪರದೆ ನೋಡಿದಳು, ಹೊಸ್ತಿಲ ಮೇಲೆ ಕುಸಿದಳು.

ಅತ್ತ ಸಭಾಂಗಣದಲ್ಲಿ ತ್ರಿಪುರಾಂಬಮ್ಮ ಒಬ್ಬರೇ ಒಳಗೆ ಬಂದವರು ಕಣ್ಣುಬಿಟ್ಟು ನಿಂತಿದ್ದರು. ಮಂಟಪದ ಪರದೆ ನೆಲದಿಂದ ತಾನೇ ತಾನಾಗಿ ಮೇಲೇರುತ್ತಿತ್ತು, ಸಾಲು ಸಾಲಾಗಿ, ಯಾರ ಕೈಯೂ ಇಲ್ಲದೆ. ಕೂಗಬಹುದಿತ್ತು. ಕೂಗಲಿಲ್ಲ, ಪೂರ್ತಿ ಮಾಯವಾಗುವ ತನಕ ನೋಡಿದರು. ಆಮೇಲೆ ನೆಲದ ದಾರ ಎತ್ತಿ, ಇದು ಎಲ್ಲಿಗೆ ಹೋಗುತ್ತೆ ನೋಡೋಣ ಅಂತ ಸುತ್ತುತ್ತ ಹೊರಟರು. ಹಿಂದೆ ಮಾಸ್ತರು, ಮಾಸ್ತರ ಹಿಂದೆ ಸಮಾಜದ ಹೆಂಗಸರು. ರೇವಮ್ಮನ ಹೊಸ್ತಿಲಿಗೆ ಬರುವ ಹೊತ್ತಿಗೆ ಕೈಯಲ್ಲಿ ಕುಂಬಳಕಾಯಿಯಷ್ಟು ಉಂಡೆ.

“ಅಮ್ಮಾವ್ರೇ, ಕೋಣೆ ಕೇಳೋಕೆ ನನಗಿನ್ನು ಮುಖವಿಲ್ಲ,” ಅಂದಳು ರೇವಮ್ಮ.

“ಕೋಣೆ ಆಮೇಲೆ. ಹಸಿರು ಮುಗಿದು ಹಳದಿ ಶುರುವಾಗೋ ಕಡೆ ಗಂಟೆಲ್ಲಿ? ಬೀದಿ ಪೂರ್ತಿ ಬೆರಳಲ್ಲಿ ಹುಡುಕಿದೆ, ಒಂದೂ ತಡೆಯಲಿಲ್ಲ.”

“ಗಂಟು ಹಾಕಲ್ಲ. ಎರಡು ತುದಿನೂ ಬಿಡಿಸಿ, ಒಂದರೊಳಗೊಂದು ಇಟ್ಟು, ಅಂಗೈ ಒದ್ದೆ ಮಾಡ್ಕೊಂಡು ಉಜ್ಜಿದರೆ ಕೂಡ್ಕೊಳ್ಳುತ್ತೆ.”

ಹೆಂಗಸರೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ದಾರ ಹಿಸುಕಿ ನೋಡಿದರು. ಯಾರಿಗೂ ಕೂಡಿಸಿದ ಜಾಗ ಸಿಗಲಿಲ್ಲ. ಮಾಸ್ತರು ಮಾತ್ರ ತಲೆಗೆ ಕೈ ಅಡ್ಡವಿಟ್ಟುಕೊಂಡು ಸಣ್ಣಲಿಂಗನಿಂದ ದೂರ ನಿಂತಿದ್ದರು.

“ಪರದೆ ಇದ್ದಿದ್ದರೆ ಚೆನ್ನಾಗಿದೆ ಅಂದು ಸುಮ್ಮನಾಗ್ತಿದ್ವಿ,” ಅಂದರು ಅಧ್ಯಕ್ಷೆ. “ಇದನ್ನ ಬೀದಿಯುದ್ದಕ್ಕೂ ಮುಟ್ಟಿ ನೋಡಿದೀನಿ. ಕೋಣೆ ನಿನ್ನದು ರೇವಮ್ಮ. ನಾಳೆ ಪಾಡ್ಯ, ಒಳ್ಳೇ ದಿನ, ರಿಬ್ಬನ್ ಕಟ್ಟಿ ತೆರೆದುಬಿಡೋಣ. ನಿನ್ನ ಮಗನೂ ಬರಲಿ.”

ಜನ ಹೋದ ಮೇಲೆ ರೇವಮ್ಮ ಮಗನ ಎರಡೂ ಕಿವಿ ಹಿಡಿದಳು. “ಇದೊಂದು ಕೇಳು, ಇನ್ನೇನೂ ಹೇಳಲ್ಲ. ಬಿಟ್ಟ ತುದಿ ಕಂಡರೆ ಹಿಡ್ಕೊಂಡು ಓಡಬಾರದು. ಅಲ್ಲೇ, ಆಗಲೇ, ಬಿಗಿಯಾಗಿ ಗಂಟು ಹಾಕಿಬಿಡಬೇಕು.”

“ಬಿತ್ತು,” ಅಂದ, ಅವಳು ಕೇಳುವ ಮುಂಚೆಯೇ.

ಮಾರನೇ ಬೆಳಿಗ್ಗೆ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್. ಅಧ್ಯಕ್ಷೆ ಕತ್ತರಿಸಿದರು. ಚಪ್ಪಾಳೆ ಬಿತ್ತು, ಎರಡು ತುದಿ ಜೋತುಬಿದ್ದವು. ಸಣ್ಣಲಿಂಗ ಜನರನ್ನು ಸೀಳಿಕೊಂಡು ಬಂದ, ತುದಿಗೆ ತುದಿ ಸೇರಿಸಿದ, ಹಲ್ಲುಕಚ್ಚಿ ಗಂಟು ಬಿಗಿದ.

ಅಧ್ಯಕ್ಷೆ ಅವನ ಮುಖ ನೋಡಿದರು, ಮತ್ತೆ ಕತ್ತರಿಸಿದರು. ಅವನು ಮತ್ತೆ ಗಂಟು ಹಾಕಿದ. ಅವರು ಕತ್ತರಿಸಿದರು, ಅವನು ಕಟ್ಟಿದ. ಗಂಟು ಗಂಟಿಗೂ ರಿಬ್ಬನ್ ಗಿಡ್ಡವಾಗಿ ತಂತಿಯ ಹಾಗೆ ಬಿಗಿಯಿತು.

“ಆ ಕತ್ತರಿ ಇತ್ತ ಕೊಡೇ, ತಿಂಡಿ ತಣ್ಣಗಾಗುತ್ತೆ,” ಅಂದರು ಮಾಸ್ತರು.

“ಇರಿ ಅಂದರೆ, ಇನ್ನೊಂದ್ಸಲ ಏನು ಮಾಡ್ತಾನೋ ನೋಡೋಣ.”

ಕೊನೆಗೆ ರೇವಮ್ಮ ಸೆರಗು ಸಿಕ್ಕಿಸಿದಳು, ಮಂಡಿ ಹಿಡಿದುಕೊಂಡು ಬಗ್ಗಿದಳು, ರಿಬ್ಬನ್ನಿನ ಕೆಳಗೆ ನುಸುಳಿ ತನ್ನ ಅಂಗಡಿಯೊಳಗೆ ಹೋಗಿ ಕೂತು ಸೂಜಿ ಕೈಗೆತ್ತಿಕೊಂಡಳು.

ಚೀಲ ಬೇಕಾದರೆ ಈಗಲೂ ಹೋಗಿ, ತೆರೆದೇ ಇರುತ್ತೆ. ಬಗ್ಗಿ ಒಳಗೆ ಹೋಗಿ, ಬಗ್ಗಿ ಹೊರಗೆ ಬನ್ನಿ. ರಿಬ್ಬನ್ ತಂಟೆಗೆ ಹೋಗಬೇಡಿ, ಅವನು ಜಗಲಿಯಲ್ಲೇ ಕೂತಿರುತ್ತಾನೆ. ನಿಮ್ಮ ಸೆರಗಿನದೋ ಪಂಚೆಯದೋ ತುದಿ ಜೋತಾಡುತ್ತಿದ್ದರೆ ಅದನ್ನೂ ಸ್ವಲ್ಪ ಹಿಡಿದುಕೊಳ್ಳಿ. ನಾನು ಮೊನ್ನೆ ಹೋದವನು ಬಾಗಿಲ ಚೌಕಟ್ಟಿನ ಜೊತೆಗೇ ಮನೆಗೆ ಬರಬೇಕಾಯಿತು.