ಮಲ್ಲಾಜಮ್ಮನ ಅಂಗಳದಲ್ಲಿ

ಆಶ್ರಮದಿಂದ ಹೊಳೆಯಾಚೆ ಮಲ್ಲಾಜಮ್ಮ ಎಂಬ ಕುಂಬಾರಗಿತ್ತಿ ಇದ್ದಳು. ಗಂಡ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು, ದೇವೀರಿ. ಆಶ್ರಮದ ನೀರಿನ ಕೊಡಗಳೆಲ್ಲ ಆ ತಾಯಿಮಗಳ ಕೈಯಲ್ಲೇ ಆದವು. ಯಾರಿಗೂ ಕೇಡು ಬಯಸಿದವರಲ್ಲ.

ಒಂದು ದಿನ ಮಣ್ಣು ತರಲು ಹೋದ ಹುಡುಗಿಗೆ ಹಾವು ಕಚ್ಚಿತು. ಮನೆಗೆ ಹೊತ್ತು ತರುವಷ್ಟರಲ್ಲಿ ಉಸಿರು ನಿಂತಿತ್ತು.

ಸುದ್ದಿ ಬಂದಾಗ ಆಶ್ರಮದ ಗುರುಗಳು ಜ್ವರದಲ್ಲಿ ಮಲಗಿದ್ದರು. ಶಿಷ್ಯ ಹಂಪಣ್ಣನನ್ನು ಕರೆದರು.

"ನೀನು ಹೋಗಿರು. ನಾಳೆ ನಾನೂ ಬರುತ್ತೇನೆ."

ಹಂಪಣ್ಣ ಓದಿಕೊಂಡವನು. ಹೇಳಬೇಕಾದ ಮಾತುಗಳನ್ನು ದಾರಿಯಲ್ಲೇ ಜೋಡಿಸಿಕೊಂಡ. ಮಗಳನ್ನು ಮಣ್ಣು ಮಾಡಿ ಬಂದು ಕೂತಿದ್ದ ತಾಯಿಯ ಮುಂದೆ ನಿಂತು ಹೇಳಿಯೂಬಿಟ್ಟ.

"ಎಲ್ಲ ಹಿಂದಿನ ಜನ್ಮದ ಕರ್ಮ, ತಾಯಿ. ಸಮಾಧಾನ ಮಾಡಿಕೊಳ್ಳಿ."

ಮಲ್ಲಾಜಮ್ಮ ತಲೆಯೆತ್ತಿದಳು.

"ಹಿಂದಿನ ಜನ್ಮದಲ್ಲಿ ನನ್ನ ಮಗಳು ಏನು ಮಾಡಿದ್ದಳು?"

"ಅದು ನನಗೆ ಹೇಗೆ ಗೊತ್ತಾಗಬೇಕು?"

"ಗೊತ್ತಿಲ್ಲದೆ ನನ್ನ ಕೂಸಿನ ಮೇಲೆ ತಪ್ಪು ಹೊರಿಸೋಕೆ ಬಂದಿರಾ?"

ಎದ್ದು ಬಾಗಿಲು ಹಾಕಿಕೊಂಡಳು.

ಹಂಪಣ್ಣ ಮುಖ ಸಣ್ಣದು ಮಾಡಿಕೊಂಡು ಹಿಂತಿರುಗಿದ. ನಡೆದದ್ದನ್ನೆಲ್ಲ ಗುರುಗಳಿಗೆ ಹೇಳಿದ.

"ಆ ತಾಯಿ ಏನಾದರೂ ತಿಂದಿದ್ದಳೇ?" ಎಂದರು ಗುರುಗಳು.

"ಕೇಳಲಿಲ್ಲ."



ಬೆಳಿಗ್ಗೆ ಇಬ್ಬರೂ ಹೊಳೆ ದಾಟಿದರು. ಬೀದಿಗೇ ಮಲ್ಲಾಜಮ್ಮನ ದನಿ ಕೇಳುತ್ತಿತ್ತು. ಒಳಗೆ ದೇವರ ಗೂಡಿನ ಮುಂದೆ ನಿಂತು ಬೈಯುತ್ತಿದ್ದಳು.

"ನಿನಗೆ ಕಣ್ಣಿಲ್ಲವಾ? ದಿನಾ ದೀಪ ಹಚ್ಚಿದ್ದು ಇದಕ್ಕೇನಾ? ನನ್ನನ್ನು ಬಿಟ್ಟು ಆ ಮಗು ಯಾಕೆ ಬೇಕಿತ್ತು ನಿನಗೆ? ಬಾಯಿ ಬಿಡು!"

ಹಂಪಣ್ಣ ಕಿವಿ ಮುಚ್ಚಿಕೊಂಡ. ಗುರುಗಳು ಅಂಗಳದಲ್ಲಿ ಕೂತರು. ಅವನನ್ನು ಹಿತ್ತಿಲ ಒಲೆ ಹಚ್ಚಲು ಕಳಿಸಿದರು.

ಅವನು ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಗಂಜಿ ಕಾಯಿಸಿದ. ಬೈಗುಳ ನಿಲ್ಲಲಿಲ್ಲ. ಬಿಸಿಲು ಅಂಗಳಕ್ಕೆ ಇಳಿಯಿತು. ಕೊನೆಗೆ ಅವಳ ಗಂಟಲು ಕಟ್ಟಿತು. ಹೊರಗೆ ಬಂದವಳು ಆಗಲೇ ಗುರುಗಳನ್ನು ಕಂಡದ್ದು.

"ಬುದ್ಧೀ, ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಪಾಪ ಸುತ್ತಿಕೊಳ್ಳುತ್ತದಾ?"

"ಇನ್ನೂ ಇದ್ದರೆ ಅನ್ನು, ತಾಯಿ. ನಾನು ಕೂತಿರುತ್ತೇನೆ."

ಅವಳು ಕಂಬ ಹಿಡಿದು ಹಾಗೇ ಕುಸಿದಳು. ಅಲ್ಲಿಯವರೆಗೂ ಬಾರದ ಅಳು ಆಗ ಬಂತು. ಬಹಳ ಹೊತ್ತು ಅತ್ತಳು. ಹಂಪಣ್ಣ ಗಂಜಿ ತಂದು ಕೈಗೆ ಕೊಟ್ಟ. ಈ ಸಲ ಒಂದು ಮಾತೂ ಆಡಲಿಲ್ಲ. ಅವಳು ಎರಡು ಗುಟುಕು ಕುಡಿದಳು.

ಹಿಂತಿರುಗುವಾಗ ದೋಣಿಯಲ್ಲಿ ಹಂಪಣ್ಣನಿಗೆ ತಡೆಯಲಾಗಲಿಲ್ಲ.

"ಗುರುಗಳೇ, ಆ ಮಗು ಯಾಕೆ ಸತ್ತಿತು?"

"ಗೊತ್ತಿಲ್ಲ."

"ಇಷ್ಟು ವರ್ಷ ಪೂಜೆ ಮಾಡಿದ ತಮಗೂ?"

"ನನಗೂ ಗೊತ್ತಿಲ್ಲ. ನಾನೂ ದೇವರನ್ನು ಕೇಳುತ್ತಲೇ ಇದ್ದೇನೆ."

ತನ್ನ ನಂಬಿಕೆಯೂ ಗಟ್ಟಿಯಿಲ್ಲವೇನೋ ಎಂದು ಹಂಪಣ್ಣನಿಗೆ ಹೆದರಿಕೆಯಾಯಿತು. ಅದನ್ನು ಹೇಳಲಾರದೆ ಮಲ್ಲಾಜಮ್ಮನ ಮಾತೆತ್ತಿದ.

"ಪಾಪ, ಅವಳಿಗೆ ದೇವರ ಮೇಲಿನ ನಂಬಿಕೆಯೇ ಹೊರಟುಹೋಯಿತು."

ಗುರುಗಳು ಅವನ ಕಡೆ ತಿರುಗಿದರು.

"ಹಾಗಾದರೆ ಬೆಳಗಿನಿಂದ ಅವಳು ಜಗಳವಾಡಿದ್ದು ಯಾರ ಜೊತೆ, ಹಂಪಣ್ಣ?"