ಉರಿಯದ ಹಳದಿ ಹರಳು

ರಾತ್ರಿ ಪಾಳಿ ಮುಗಿಸಿದ ಸಿದ್ರಾಮ ಮನೆಗೆ ಹೋಗಲಿಲ್ಲ. ಸೀದಾ ಹೊಳೆದಂಡೆಯ ಮಠಕ್ಕೆ ಬಂದ. ಮೈಮೇಲೆ ಕಾರ್ಖಾನೆಯ ಅಂಗಿ, ಕಂಕುಳಲ್ಲಿ ಹೊಸ ಕಾವಿ ಬಟ್ಟೆ. ಮುಖ ನೋಡಿದರೆ ಸೂತಕದ ಮನೆಯಿಂದ ಎದ್ದು ಬಂದವನ ಹಾಗಿತ್ತು.

“ಅಜ್ಜಾರ, ದೀಕ್ಷಾ ಕೊಡ್ರಿ. ಎಲ್ಲಾ ಬಿಟ್ಟು ಬಂದೀನಿ.”

ಮಠದ ಸ್ವಾಮಿ ಗೂಳಪ್ಪಜ್ಜ ಮೂಗು ಅರಳಿಸಿದರು. “ಅಂಗೀನೂ ಬಿಟ್ಟು ಹೋಗಿ ಮೈ ತೊಳಕೊ. ಏನೋ ಬಾದಾಮಿ ವಾಸನಿ ಹೊಡೀತದ.”

ನಮ್ಮ ಅಜ್ಜ ಹಾಗೇ. ಯಾರಾದರೂ ದೊಡ್ಡ ಮಾತಾಡಿದರೆ ಮೊದಲು ಸ್ನಾನ ಮಾಡಿ ಬಾ ಅಂತಾರೆ.

ಸಿದ್ರಾಮ ಮುಳುಗು ಹಾಕಿ ಬರುವಷ್ಟರಲ್ಲಿ ಅಜ್ಜ ಅವನ ಅಂಗಿಯನ್ನು ಬಕೆಟ್ಟಿನಲ್ಲಿ ನೆನೆ ಹಾಕಿ, ತೋಳು ಏರಿಸಿಕೊಂಡು ಕೈ ಹಾಕಲು ಬಗ್ಗಿದ್ದರು.

“ಅಯ್ಯಯ್ಯೋ ಅಜ್ಜಾರ! ಮುಟ್ಟಬ್ಯಾಡ್ರಿ!”

ಅಜ್ಜ ಬಗ್ಗಿದಲ್ಲೇ ಕತ್ತೆತ್ತಿದರು. “ಯಾಕೋ? ಒಳಗ ಹಾವು ಅದ ಏನು?”

“ನಮ್ಮ ಸರಕಿನ ಪುಡಿ ಇರ್ತದ್ರಿ ಅದರಾಗ. ಕ್ಲೋರೋನೈಟ್ರೋಬೆಂಜೀನ್ ಅಂತ. ತಿಳಿ ಹಳದಿ ಹರಳು.”

“ಏನ್ ಮಾಡ್ತಾರ ಅದರಿಂದ?”

“ಹಂಗೇ ಯಾರೂ ಬಳಸಂಗಿಲ್ರಿ. ನಡುವಿನ ಸರಕು ಅದು. ಮುಂದ ಒಬ್ಬರು ಅದರಿಂದ ಬಣ್ಣ ಮಾಡ್ತಾರ, ಒಬ್ಬರು ರಬ್ಬರಿಗೆ ಹಾಕೋ ಪುಡಿ, ಇನ್ನೊಬ್ಬರು ಜ್ವರದ ಗುಳಿಗಿ.”

“ಜ್ವರ ಇಳಿಸೋದಂದ್ರ ಒಳ್ಳೇದ ಆತಲ್ಲ. ಮುಟ್ಟಿದರ ಉರೀತದೇನು?”

“ಉರಿಯಂಗಿಲ್ರಿ. ಅದೇ ಕೇಡು. ಉರಿದಿದ್ದರ ಮನುಷ್ಯ ಕೈ ಹಿಂದ ತಗೋತಿದ್ದ. ಇದು ಸುಮ್ಮ ಚರ್ಮದಾಗ ಇಳೀತದ. ಬೆವರಿದ್ದರ ಇನ್ನೂ ಬೇಗ. ರಕ್ತ ಸೇರಿ ಅದನ್ನ ಕಂದು ಮಾಡ್ತದ. ಆಮೇಲೆ ಎಷ್ಟು ಉಸಿರು ತಗೊಂಡರೂ ಮೈಗೆ ಹತ್ತಂಗಿಲ್ಲ. ತಾಸುಗಟ್ಟಲೆ ಏನೂ ಗೊತ್ತಾಗಂಗಿಲ್ಲ. ಮೊದಲ ತಲಿನೋವು, ಆಮೇಲೆ ತುಟಿ ನೀಲಿ…”

ಅಜ್ಜ ಬಕೆಟ್ಟಿನಿಂದ ಹಿಂದೆ ಸರಿದರು.

“ಯಾರ ತುಟಿ ನೋಡಿದಿ?”

ಸಿದ್ರಾಮ ಬಕೆಟ್ಟಿನ ಪಕ್ಕ ಕೂತ.

“ಮೋನಪ್ಪಂದು. ನನ್ನ ಕೈಕೆಳಗ ಕಸ ಹೊಡೀತಿದ್ದ. ಚೀಲ ಒಡದು ಚೆಲ್ಲಿತ್ತು. ಕೈಗವಸು ಹರದಿದ್ದವು. ಸಾಹೇಬರು ಬರೋ ಹೊತ್ತಾಗಿತ್ತು. ಏನೂ ಆಗಂಗಿಲ್ಲ, ಬರೇ ಕೈಲೆ ಬಳಿ ಅಂದೆ. ಬಳಿದ. ಅದೇ ಅಂಗ್ಯಾಗ ಮನಿಗೆ ಹೋದ, ಅದೇ ಅಂಗ್ಯಾಗ ಮಲಗಿದ. ಮುಂಜಾನೆ ನೋಡಿದರ ನೇರಳೆ ಹಣ್ಣು ತಿಂದವರಂಗ ಆಗಿತ್ತು ತುಟಿ. ಹಾರ್ಟ್ ಅಟ್ಯಾಕ್ ಅಂದ್ರು ಸಾಹೇಬರು. ನಾನೂ ಹೂಂ ಅಂದೆ.”

ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದ, ಪಾಪ. ಆಗಲಿಲ್ಲ. ಇನ್ನಷ್ಟು ಭಾರವಾಯಿತು.

“ಅಜ್ಜಾರ, ಕಾವಿ ಉಟ್ಟು ನಿಮ್ಮ ಪಾದದಾಗ ಬಿದ್ದಿರ್ತೀನಿ. ಈ ಪಾಪ ತೊಳೀರಿ.”

“ಅಲ್ಲಿ ಕಸ ಈಗ ಯಾರು ಹೊಡೀತಾರ?”



“ಅವನ ತಮ್ಮ, ಹುಲಗಪ್ಪ. ಅಣ್ಣನ ಜಾಗಾ ಕೊಟ್ಟು ಪುಣ್ಯಾ ಕಟ್ಟಿಕೊಂಡ್ರಿ ಅಂತ ಅವರವ್ವ ಸಾಹೇಬರ ಕಾಲಿಗೆ ಬಿದ್ದಳು.”

“ನನಗ ಹೇಳಿದ್ದು ಅವನಿಗೆ ಹೇಳೀಯೇನು?”

“ಇಲ್ರಿ.”

“ನಾ ಬಕೆಟ್ಟಿಗೆ ಕೈ ಹಾಕೋದರಾಗ ಊರಿಗೆಲ್ಲಾ ಕೇಳೋಹಂಗ ಒದರಿದಿ.”

“ಅಲ್ಲಿ ಒದರಿದರ ಮೋನಪ್ಪನ ಮಾತೂ ಹೊರಗ ಬರ್ತದ್ರಿ. ನನ್ನ ಜೈಲಿಗೆ ಹಾಕ್ತಾರ.”

“ಹಾಕಬಹುದು,” ಅಂದರು ಅಜ್ಜ.

ಕಾವಿ ಬಟ್ಟೆಯನ್ನು ಮಡಿಚಿ ತಮ್ಮ ಪಕ್ಕಕ್ಕೆ ಇಟ್ಟುಕೊಂಡರು. ಒಳಗೆ ಹೋಗಿ ತಮ್ಮದೇ ಒಂದು ಹಳೆಯ ಅಂಗಿ ತಂದು ಅವನ ಒದ್ದೆ ಹೆಗಲ ಮೇಲೆ ಹಾಕಿದರು.

“ಮೋನಪ್ಪ ಅಂಗಿ ಬದಲಿಸದೆ ಸತ್ತ. ನೀ ಅಂಗಿ ಬದಲಿಸಿ ಬದುಕಬೇಕಂತ ಬಂದಿ.”

“ಹಂಗಾರ ನಾ ಏನ್ ಮಾಡ್ಲಿ, ಅಜ್ಜಾರ?”

ಅಜ್ಜ ಮರದ ಮೇಲಕ್ಕೆ ಏರುತ್ತಿದ್ದ ಸೂರ್ಯನನ್ನು ನೋಡಿದರು.

“ಹುಲಗಪ್ಪನ ಪಾಳಿ ಎಷ್ಟೊತ್ತಿಗೆ?”